ಆದೇಶದ ಮೇರೆಗೆ ಒಂದು ಗಿಡ

ಊರಿನ ಜನ ಬೇರೆ ಯಾರ ಮಾತಿಗೆ ಬೆಲೆ ಕೊಡದಿದ್ದರೂ ಬೋರ್ಡಪ್ಪನವರ ಮಾತಿಗೆ ತಲೆಬಾಗುತ್ತಿದ್ದರು. ಆದರೆ ತಾವು ತಲೆಬಾಗುತ್ತಿರುವುದು ಬೋರ್ಡಪ್ಪನವರಿಗೆ ಎಂಬುದು ಅವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. 'ಇಲ್ಲಿ ವಾಹನ ನಿಲ್ಲಿಸಬಾರದು', 'ಹುಲ್ಲಿನ ಮೇಲೆ ನಡೆಯಬಾರದು', 'ಈ ನೀರು ಕುಡಿಯಲು ಯೋಗ್ಯವಲ್ಲ' ಎಂಬ ವಾಕ್ಯಗಳನ್ನು ಮೂವತ್ತೊಂದು ವರ್ಷಗಳಿಂದ ಹಳದಿ ತಗಡಿನ ಮೇಲೆ ಕಪ್ಪು ಬಣ್ಣದಲ್ಲಿ ಬರೆಯುತ್ತ ಬಂದಿದ್ದ, ನಗರಸಭೆಯ ಏಕೈಕ ಫಲಕ ಬರಹಗಾರರು ಅವರು. ಅವರು ಬರೆದ 'ಬಾರದು' ಎಷ್ಟು ಗಂಭೀರವಾಗಿ ನಿಲ್ಲುತ್ತಿತ್ತೆಂದರೆ, ಸೈಕಲ್ಲಿನ ಮೇಲೆ ಶಿಳ್ಳೆ ಹಾಕಿಕೊಂಡು ಹೋಗುತ್ತಿದ್ದವನೂ ಅದನ್ನು ಕಂಡೊಡನೆ ಶಿಳ್ಳೆ ನಿಲ್ಲಿಸಿ ಕಾಲು ಕೆಳಗಿಡುತ್ತಿದ್ದ.

ಅದೇ ಬೋರ್ಡಪ್ಪನವರು ಬಾಯಿ ತೆರೆದರೆ ಕತೆ ಬೇರೆ. 'ಸ್ವಲ್ಪ ಉಪ್ಪು ಬೇಕಿತ್ತು' ಎಂದು ಹೇಳಲು ಅವರು ಮೂರು ಸಲ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೆಂಡತಿ ತಟ್ಟೆ ಎತ್ತಿಕೊಂಡು ಹೋಗಿರುತ್ತಿದ್ದಳು. ಕುಂಚ ಕೈಗೆ ಬಂದರೆ ಇಡೀ ಊರನ್ನು ಗದರಿಸಬಲ್ಲ ಮನುಷ್ಯ, ಕುಂಚ ಕೆಳಗಿಟ್ಟ ಕ್ಷಣ ಹಾಲಿನವನಿಗೂ 'ಸಾರ್' ಎನ್ನುತ್ತಿದ್ದರು. ಮಾತು ಎಂಬುದು ಅವರ ಪಾಲಿಗೆ ಒಣಗುವ ಮೊದಲೇ ಅಳಿಸಿಹೋಗುವ ಬಣ್ಣ.

ಇಂಥವರ ಕೈಗೆ ಅವರ ಅಕ್ಕ ಒಂದು ಗಿಡವನ್ನು ಒಪ್ಪಿಸಿ ಹೋದಳು.

ಮಗಳ ಹೆರಿಗೆಗೆಂದು ಮೂರು ತಿಂಗಳ ಮಟ್ಟಿಗೆ ಹೊರಟಿದ್ದ ಅಕ್ಕ, ಬಸ್ಸಿನ ಹೊತ್ತಿಗಿಂತ ಮೊದಲು ಆಟೋದಲ್ಲಿ ಬಂದು, ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಂಡಿದ್ದ ಕುಂಡವನ್ನು ಎರಡು ಮಹಡಿ ತಾನೇ ಹೊತ್ತು ತಂದಳು. ಸೊಂಟದೆತ್ತರದ ಗಿಡ. ದಪ್ಪ ಎಲೆ, ಎಲೆಯ ಬೆನ್ನಿಗೆ ಬೂದುಬಣ್ಣ, ಹತ್ತಿರ ಹೋದರೆ ಬಹಳ ದಿನ ಮುಚ್ಚಿಟ್ಟ ಬೀರುವಿನ ವಾಸನೆ. ಚೆಂದವೆಂದು ಯಾರೂ ಹೇಳುವಂತಿರಲಿಲ್ಲ. ಅದರ ಹೆಸರೇನೆಂದು ಯಾರಿಗೂ ಗೊತ್ತಿರಲಿಲ್ಲ. ಸರ್ವೆ ಇಲಾಖೆಯಲ್ಲಿ ಅಳತೆಯ ಸರಪಳಿ ಹಿಡಿಯುತ್ತಿದ್ದ ಭಾವ, ಯಾವುದೋ ಗುಡ್ಡದ ಗಡಿ ಗುರುತಿಸಲು ಹೋದವರು, ಒದ್ದೆ ಕರವಸ್ತ್ರದಲ್ಲಿ ಬೇರು ಸುತ್ತಿಕೊಂಡು ತಂದಿದ್ದರು. ಇಪ್ಪತ್ತಾರು ವರ್ಷದ ದಾಂಪತ್ಯದಲ್ಲಿ ಹೆಂಡತಿಗೆಂದು ಅವರು ತಾವಾಗಿಯೇ ತಂದ ವಸ್ತು ಅದೊಂದೇ. ಭಾವ ಹೋಗಿ ಒಂಬತ್ತು ವರ್ಷವಾಗಿತ್ತು. ಗಿಡ ಇತ್ತು.

"ದಿನ ಬಿಟ್ಟು ದಿನ ಒಂದು ಚೊಂಬು ನೀರು" ಎಂದಳು ಅಕ್ಕ. "ಜಾಸ್ತಿ ಹಾಕಬೇಡ ಕಣೋ. ನಿನ್ನ ಪ್ರೀತಿ ನಂಗೊತ್ತು, ಮುಳುಗಿಸಿಬಿಡ್ತೀಯ. ವಾರಕ್ಕೊಂದ್ಸಲ ಕುಂಡ ತಿರುಗಿಸು. ಒಂದೇ ಕಡೆ ಮುಖ ಮಾಡ್ಕೊಂಡು ನಿಂತ್ರೆ ಗೂನಾಗತ್ತೆ, ನಿನ್ನ ಹಾಗೆ."

"ಆಯ್ತಕ್ಕ."

"ನಾನು ವಾಪಸ್ ಬಂದಾಗ ಹೀಗೇ ಇರಬೇಕು."

"ಇರತ್ತಕ್ಕ" ಎಂದರು ಬೋರ್ಡಪ್ಪನವರು. ಜೀವನದಲ್ಲಿ ಗಂಟಲು ಸರಿಮಾಡಿಕೊಳ್ಳದೆ ಅವರು ಕೊಟ್ಟ ಕೆಲವೇ ಮಾತುಗಳಲ್ಲಿ ಅದೂ ಒಂದು. ಆ ಮಾತಿಗೇ ಹೀಗಾಗಬೇಕಿತ್ತೇ ಎಂದು ಈಗ ಅನ್ನಿಸುತ್ತದೆ.

ಮನೆಯೊಳಗೆ ಗಿಡಕ್ಕೆ ಜಾಗವಿರಲಿಲ್ಲ. ಇದ್ದ ಎರಡು ಕಿಟಕಿಗಳು ಪಕ್ಕದ ಕಟ್ಟಡದ ಗೋಡೆಗೆ ಮೂಗು ತಾಗಿಸಿಕೊಂಡು ನಿಂತಿದ್ದವು. ಹನ್ನೆರಡು ಮನೆಗಳ ಆ ಕಟ್ಟಡದಲ್ಲಿ ಎರಡನೆಯ ಮಹಡಿಯ ವರಾಂಡದ ತುದಿಗೆ ಮಾತ್ರ ಬೆಳಗ್ಗೆ ಎರಡು ಗಂಟೆ ಬಿಸಿಲು ಬೀಳುತ್ತಿತ್ತು. ಬೋರ್ಡಪ್ಪನವರು ಕುಂಡವನ್ನು ಅಲ್ಲಿರಿಸಿದರು. ಐದು ವಾರ ಎಲ್ಲವೂ ಸುಸೂತ್ರವಾಗಿ ನಡೆಯಿತು. ಸೋಮವಾರ ತಿರುಗಿಸುವುದು, ದಿನ ಬಿಟ್ಟು ದಿನ ಚೊಂಬು. ಚೊಂಬಿನ ಒಳಮೈಗೆ ಅಳತೆ ತಪ್ಪದಿರಲೆಂದು ಬಣ್ಣದ ಗೆರೆಯೊಂದನ್ನೂ ಎಳೆದಿದ್ದರು. ಗಿಡ ಎರಡು ಹೊಸ ಎಲೆ ಬಿಟ್ಟಿತು. ಅಕ್ಕನಿಗೆ ಫೋನಿನಲ್ಲಿ ಹೇಳಿದರು. "ಎರಡಾ?" ಎಂದು ಅಕ್ಕ ಎರಡು ಸಲ ಕೇಳಿದಳು.

ಆರನೆಯ ವಾರ ಸೊಳ್ಳೆ ಬಂತು.

ಬಂತೆಂದರೆ ಹಿಂದೆ ಇರಲಿಲ್ಲವೆಂದಲ್ಲ. ಆದರೆ ಆ ವರ್ಷ ಅವು ಬಾಡಿಗೆದಾರರಂತಲ್ಲ, ಮಾಲೀಕರಂತೆ ಬಂದವು. ಸಂಜೆ ಐದೂವರೆಗೆ ಬಾಗಿಲು ಹಾಕಿಕೊಳ್ಳದ ಮನೆಯಲ್ಲಿ ಮಾತುಕತೆಯೆಲ್ಲ ಚಪ್ಪಾಳೆಯ ನಡುವೆಯೇ ಸಾಗಬೇಕಾಗಿತ್ತು. ಹೊರಗಿನವರು ಕೇಳಿದರೆ ಹನ್ನೆರಡು ಮನೆಯಲ್ಲೂ ಏಕಕಾಲಕ್ಕೆ ಯಾರನ್ನೋ ಸನ್ಮಾನಿಸುತ್ತಿದ್ದಾರೆಂದು ಭಾವಿಸಬಹುದಿತ್ತು.

ಕಟ್ಟಡದ ಸಂಘಕ್ಕೆ ಒಬ್ಬ ಕಾರ್ಯದರ್ಶಿ ಇದ್ದರು. ಬಸ್ ಡಿಪೋದಲ್ಲಿ ಸಮಯಪಾಲಕರಾಗಿದ್ದು ನಿವೃತ್ತರಾದವರು. ಹೊರಡಬೇಕಾದ್ದು ಹೊತ್ತಿಗೆ ಸರಿಯಾಗಿ ಹೊರಡದಿದ್ದರೆ ಅವರಿಗೆ ಎದೆಯುರಿ ಬರುತ್ತಿತ್ತು. ಅವರು ಮನೆಮನೆಗೂ ಒಂದು ಸುತ್ತೋಲೆ ಕಳಿಸಿದರು: ಕುಂಡಗಳ ತಟ್ಟೆಯಲ್ಲಿ ನಿಂತ ನೀರೇ ಸೊಳ್ಳೆಗೆ ಮೂಲವಾದ್ದರಿಂದ, ವರಾಂಡದಲ್ಲಿರುವ ಸಕಲ ಕುಂಡಗಳನ್ನೂ ಭಾನುವಾರ ಬೆಳಗ್ಗೆ ಒಂಬತ್ತು ಗಂಟೆಗೆ ತೆರವುಗೊಳಿಸಿ ಲಾರಿಗೆ ಹಾಕಲಾಗುವುದು. ವಿನಾಯಿತಿ ಇಲ್ಲ.

ಬೋರ್ಡಪ್ಪನವರು ಸುತ್ತೋಲೆಯನ್ನು ಎರಡು ಸಲ ಓದಿ ಹೆಂಡತಿಯ ಕೈಗೆ ಕೊಟ್ಟರು.

"ಅದಕ್ಯಾಕೆ ಮುಖ ಹಾಗೆ ಮಾಡ್ಕೊಂಡಿದೀರಿ?" ಎಂದಳು ಹೆಂಡತಿ. "ಹೋಗಿ ಹೇಳಿ, ಇದು ನಮ್ಮಕ್ಕನ ಗಿಡ, ಭಾವ ಕೊಟ್ಟಿದ್ದು, ಬಿಟ್ಬಿಡಿ ಅಂತ. ಅಷ್ಟೇ ತಾನೆ?"

"ಅಷ್ಟೇ ಹೇಳಿದ್ರೆ ಕೇಳ್ತಾರಾ?"

"ಕೇಳದೆ ಏನು? ಅವರೂ ಮನುಷ್ಯರೇ."

ಅವರು ಹೋದರು. ಕಾರ್ಯದರ್ಶಿಗಳ ಬಾಗಿಲ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. ಬಾಗಿಲು ತೆರೆದ ಕಾರ್ಯದರ್ಶಿಗಳು ಕೈಗಡಿಯಾರ ನೋಡಿ, "ಏನು ಬೋರ್ಡಪ್ಪನೋರೆ?" ಎಂದರು. 'ನಮ್ಮಕ್ಕ' ಎಂಬ ಪದ ನಾಲಿಗೆಯ ತುದಿಗೆ ಬಂದು ಕೂತಿತು. ಆದರೆ ಐವತ್ತೊಂಬತ್ತು ವರ್ಷದ ಗಂಡಸು, ಇನ್ನೊಬ್ಬ ಗಂಡಸಿನೆದುರು ನಿಂತು, ನಮ್ಮಕ್ಕನಿಗೆ ಈ ಗಿಡವೆಂದರೆ ಜೀವ ಎಂದು ಹೇಳುವುದು ಅವರಿಗೆ ಅಂಗಿ ಬಿಚ್ಚಿ ನಿಂತಂತೆ ಕಂಡಿತು. "ಸುತ್ತೋಲೆಯಲ್ಲಿ 'ತೆರವು' ಅನ್ನೋದನ್ನ ಚೆನ್ನಾಗಿ ಬರೆದಿದೀರಿ ಸಾರ್" ಎಂದು ಹೇಳಿ ವಾಪಸು ಬಂದರು.

ಶನಿವಾರ ಮಧ್ಯಾಹ್ನ, ಅವರು ಕೆಲಸ ಮಾಡುತ್ತಿದ್ದ ನಗರಸಭೆಯ ಬಣ್ಣದ ಶೆಡ್ಡಿನಲ್ಲಿ ಒಂದು ತುಂಡು ಹಳದಿ ತಗಡು ಉಳಿದಿತ್ತು. ಬಾಯಿಂದ ಹೇಳಲಾಗದ್ದನ್ನು ಕೈ ಹೇಳಲೆಂದು ಅವರು ಕುಂಚ ತೆಗೆದರು. ಅಕ್ಕನ ಹೆಸರು ಬರೆಯೋಣವೆಂದುಕೊಂಡರು. ಫಲಕದ ಮೇಲೆ ಅಕ್ಕ, ಭಾವ, ಕರವಸ್ತ್ರ ಎಂದೆಲ್ಲ ಬರೆಯುವ ಪದ್ಧತಿಯಿಲ್ಲ. ಸೊಳ್ಳೆಯ ಕಾರಣಕ್ಕೆ ಹೊರಟಿರುವ ಗಿಡವನ್ನು ಸೊಳ್ಳೆಯ ಕಾರಣದಿಂದಲೇ ಉಳಿಸಿದರೆ ಹೇಗೆ ಎಂಬ ಯೋಚನೆ ಹೊಳೆದದ್ದು ಆಗ. ಬರೆದರು:

'ಈ ಸಸ್ಯವು ಸೊಳ್ಳೆಗಳನ್ನು ದೂರವಿಡುತ್ತದೆ. ಸ್ಥಳಾಂತರಿಸಬಾರದು.'

ಅಷ್ಟಕ್ಕೆ ನಿಲ್ಲಿಸಿದ್ದರೆ ಅದು ಒಬ್ಬ ಮನುಷ್ಯ ಹೇಳಿದ ಒಂದು ಸಣ್ಣ ಸುಳ್ಳಾಗಿ ಉಳಿಯುತ್ತಿತ್ತು. ಆದರೆ ಆ ಅಳತೆಯ ತಗಡಿನ ಮೇಲೆ ಎರಡು ಸಾಲು ಬರೆದ ಮೇಲೆ ಮೂರನೆಯ ಸಾಲಿನಲ್ಲಿ ಏನು ಬರೆಯಬೇಕೆಂದು ಅವರ ಕೈ ಮೂವತ್ತೊಂದು ವರ್ಷದಿಂದ ಯಾರನ್ನೂ ಕೇಳಿರಲಿಲ್ಲ. ಬೋರ್ಡಪ್ಪನವರು ಮನಸ್ಸಿನಲ್ಲಿ ಅಕ್ಕನ ಮುಖ ನೋಡುತ್ತಿದ್ದಾಗ ಕೈ ತನ್ನ ಪಾಡಿಗೆ ತಾನು ಕೆಳಗಿಳಿದು, ಎಂದಿನ ಗಾತ್ರದಲ್ಲಿ, ಎಂದಿನ ಗಾಂಭೀರ್ಯದಲ್ಲಿ ಬರೆದು ಮುಗಿಸಿತು: 'ಆದೇಶದ ಮೇರೆಗೆ'.

ಮನೆಗೆ ತಂದು ಕುಂಡಕ್ಕೆ ತಂತಿಯಲ್ಲಿ ಕಟ್ಟುವವರೆಗೂ ಅದು ಅವರ ಗಮನಕ್ಕೇ ಬರಲಿಲ್ಲ. ಗಮನಿಸಿದ್ದು ಹೆಂಡತಿ.

"ಯಾರ ಆದೇಶ ರೀ?"

ಬೋರ್ಡಪ್ಪನವರು ಓದಿ ಬೆಪ್ಪಾದರು. ಅಳಿಸಲು ಶೆಡ್ಡಿಗೇ ಹೋಗಬೇಕು, ಶೆಡ್ಡಿಗೆ ಬೀಗ, ನಾಳೆ ಬೆಳಗ್ಗೆ ಒಂಬತ್ತಕ್ಕೆ ಲಾರಿ.

ಭಾನುವಾರ ಸರಿಯಾಗಿ ಒಂಬತ್ತಕ್ಕೆ ಕಾರ್ಯದರ್ಶಿಗಳು ಇಬ್ಬರು ಆಳುಗಳೊಡನೆ ಮೆಟ್ಟಿಲೇರಿ ಬಂದರು. ಮೊದಲ ಮಹಡಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಟೈಲರಮ್ಮನ ಗುಲಾಬಿ ಹೋಯಿತು. ನೆಲಮಹಡಿಯ ಕಾಂಪೌಂಡರು ಸೊಳ್ಳೆಗೆಂದೇ ಬೆಳೆಸಿದ್ದ ಮಜ್ಜಿಗೆಹುಲ್ಲು, ಚೆಂಡುಹೂ, ಪುದೀನ ಮೂರೂ ಹೋದವು, "ಅಯ್ಯೋ, ಸೊಳ್ಳೆ ಓಡ್ಸೋಕೇ ಅಂತ ಇಟ್ಟಿದ್ದು ಕಣ್ರೀ!" ಎಂದು ಅವರು ಕೂಗುತ್ತಿದ್ದರೂ ಹೋದವು. ವರಾಂಡದ ತುದಿಗೆ ಬಂದ ಕಾರ್ಯದರ್ಶಿಗಳು ಫಲಕವನ್ನು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಮೂರನೆಯ ಸಾಲಿಗೆ ಬಂದಾಗ ಅವರ ಹಿಮ್ಮಡಿಗಳೆರಡೂ ತಾವಾಗಿಯೇ ಕೂಡಿಕೊಂಡವು.

"ಇದನ್ನ ಮುಟ್ಟಬೇಡ್ರೋ!" ಎಂದರು ಆಳುಗಳಿಗೆ. ಬಳಿಕ ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಬೋರ್ಡಪ್ಪನವರತ್ತ ತಿರುಗಿ, "ಏನ್ರೀ ಇದು, ನಿಮ್ಮ ಇಲಾಖೆಯೋರು ನಮ್ಮ ಕಟ್ಟಡಾನೇ ಆರಿಸಿದಾರೆ, ಒಂದು ಮಾತು ಹೇಳಬಾರದಾ?" ಎಂದರು.

ಹೇಳಬೇಕಾಗಿದ್ದ ಮಾತು ಒಂದೇ. ಅದನ್ನು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಬರಲಿಲ್ಲ. ಬೋರ್ಡಪ್ಪನವರು ಗಂಟಲು ಸರಿಮಾಡಿಕೊಂಡರು. "ಹೂಂ" ಎಂದರು.

ಆ ದಿನ ಅವರು ಮಧ್ಯಾಹ್ನ ನಿಶ್ಚಿಂತೆಯಿಂದ ನಿದ್ದೆ ಮಾಡಿದರು. ಹನ್ನೆರಡು ಮನೆಗಳ ನಡುವೆ ಈಗ ಒಂದೇ ಒಂದು ಗಿಡ. ಜಗತ್ತಿನ ಗಮನವನ್ನೆಲ್ಲ ಒಬ್ಬರ ಮೇಲೆ ತರುವುದೇ ಆ ಒಬ್ಬರನ್ನು ಕಳೆದುಕೊಳ್ಳುವ ದಾರಿ ಎಂಬುದು ಅವರಿಗೆ ಹೊಳೆಯಲಿಲ್ಲ.

ಮೊದಲು ಬಂದವರು ಕಾಂಪೌಂಡರು. ಔಷಧದ ಅಂಗಡಿಯಲ್ಲಿ ಮೂವತ್ತು ವರ್ಷ ಪೊಟ್ಟಣ ಕಟ್ಟಿದ್ದರಿಂದ ಕಟ್ಟಡದ ಮಟ್ಟಿಗೆ ವಿಜ್ಞಾನದ ಅಧಿಕಾರ ಅವರದೇ. ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ನೆರೆದವರಿಗೆ ವಿವರಿಸಿದರು:

"ನೋಡಿ, ಗಿಡ ಸುಮ್ಮನೆ ನಿಂತಿದ್ರೆ ಸೊಳ್ಳೆಗೆ ಏನೂ ಆಗಲ್ಲ. ಅದರ ಪಕ್ಕದಲ್ಲೇ ಕೂತು ಕಚ್ಚತ್ತೆ. ನನ್ನ ಮಜ್ಜಿಗೆಹುಲ್ಲೂ ಅಷ್ಟೇ, ಯಾವ ಗಿಡಾನೂ ಅಷ್ಟೇ. ಎಣ್ಣೆ ಇರೋದು ಎಲೆ ಒಳಗೆ. ಎಲೆ ಹಿಸುಕಬೇಕು. ಹಿಸುಕಿ ಕೈಕಾಲಿಗೆ ಉಜ್ಜಬೇಕು."

ಇದು ಅಕ್ಷರಶಃ ಸತ್ಯವಾಗಿತ್ತು. ಬೋರ್ಡಪ್ಪನವರ ಸುಳ್ಳಿನಿಂದ ನಿಂತಿದ್ದ ಗಿಡಕ್ಕೆ ಕುತ್ತು ಬಂದದ್ದು ಕಾಂಪೌಂಡರ ಸತ್ಯದಿಂದ.

ಮಾತು ಮುಗಿಸುತ್ತ ಅವರು ಒಂದು ಎಲೆ ಕಿತ್ತು ಹಿಸುಕಿ ಟೈಲರಮ್ಮನ ಮೂಗಿಗೆ ಹಿಡಿದರು. ಟೈಲರಮ್ಮ ಕಣ್ಣು ಮುಚ್ಚಿ ಉಸಿರೆಳೆದುಕೊಂಡು, "ಅಬ್ಬಾ, ನಾನೇ ಓಡಿಹೋಗಬೇಕು ಅನ್ನಿಸ್ತಿದೆ, ಇನ್ನು ಸೊಳ್ಳೆ ನಿಲ್ಲತ್ತಾ!" ಎಂದಳು. ಮರುದಿನ ಬೆಳಗ್ಗೆ ಅವಳೇ ಮೆಟ್ಟಿಲ ಬುಡದಲ್ಲಿ ನಿಂತು ಸಾಕ್ಷಿ ನುಡಿದಳು: ನಿನ್ನೆ ಸಂಜೆ ಎಲೆ ಉಜ್ಜಿಕೊಂಡು ಕೂತು ನಾಲ್ಕು ರವಿಕೆ ಹೊಲಿದೆ, ಒಂದೇ ಒಂದು ಸೊಳ್ಳೆ ಕಚ್ಚಲಿಲ್ಲ. ಹೊಲಿಗೆ ಯಂತ್ರದ ಸದ್ದು ಹೊರಗೆ ಹೋಗದಿರಲೆಂದು ಬಾಗಿಲು ಕಿಟಕಿ ಎಲ್ಲ ಮುಚ್ಚಿಕೊಂಡಿದ್ದಳೆಂಬುದನ್ನು ಯಾರೂ ಕೇಳಲಿಲ್ಲ.

ಅಲ್ಲಿಂದ ಮುಂದೆ ಕಚೇರಿಯಿಂದ ಬಂದ ಬೋರ್ಡಪ್ಪನವರಿಗೆ ದಿನವೂ ಗಿಡ ಒಂದಿಷ್ಟು ಕಡಿಮೆಯಾಗಿರುತ್ತಿತ್ತು. ಚೊಂಬಿನ ನೀರು ಹಾಕಿ ಎಲೆಗಳನ್ನು ಎಣಿಸುತ್ತಿದ್ದರು. ನೂರ ಹನ್ನೆರಡು. ತೊಂಬತ್ತು. ಎಪ್ಪತ್ತೊಂದು. ಫೋನಿನಲ್ಲಿ ಅಕ್ಕ, "ಹೇಗಿದ್ಯೋ?" ಎಂದು ಕೇಳಿದರೆ ಅವಳು ಕೇಳುತ್ತಿರುವುದು ತಮ್ಮನ್ನೇ ಎಂಬಂತೆ, "ಚೆನ್ನಾಗಿದೀನಕ್ಕ" ಎನ್ನುತ್ತಿದ್ದರು.

"ಒಬ್ಬೊಬ್ಬರಿಗೂ ಹೇಳಿ, ಕೀಳಬೇಡಿ ಅಂತ" ಎಂದಳು ಹೆಂಡತಿ. "ಇಲ್ಲಾ ನಾನೇ ಹೇಳ್ತೀನಿ."

"ನೀನು ಹೇಳಿದ್ರೆ ಯಾಕೆ ಅಂತಾರೆ. ಯಾಕೆ ಅಂದ್ರೆ ಎಲ್ಲಾ ಹೇಳಬೇಕಾಗತ್ತೆ. ತಡಿ, ನಾನೊಂದು ವ್ಯವಸ್ಥೆ ಮಾಡ್ತೀನಿ."

ವ್ಯವಸ್ಥೆಯೆಂದರೆ ಇನ್ನೊಂದು ಫಲಕ. 'ಎಲೆಗಳನ್ನು ಕೀಳಬಾರದು.' ಈ ಸಲ ಹಲ್ಲು ಕಚ್ಚಿಕೊಂಡು ಕೈಯನ್ನು ಮೂರನೆಯ ಸಾಲಿಗೆ ಇಳಿಯದಂತೆ ತಡೆದರು. ಜನ ಕಾನೂನಿಗೆ ಎಷ್ಟು ವಿಧೇಯರೆಂದರೆ ಅಂದಿನಿಂದ ಯಾರೊಬ್ಬರೂ ಒಂದೇ ಒಂದು ಎಲೆ ಕೀಳಲಿಲ್ಲ. ರೆಂಬೆಯನ್ನೇ ಮುರಿದುಕೊಂಡು ಹೋದರು. ಮನೆಯಲ್ಲೇ ನೆಟ್ಟುಕೊಂಡರೆ ಇಲಾಖೆಗೂ ತೊಂದರೆ ತಪ್ಪುತ್ತದೆ ಎಂದು ಕಾರ್ಯದರ್ಶಿಗಳೇ ಸರದಿಯ ಪಟ್ಟಿ ಮಾಡಿ, ಮನೆಗೊಂದು ರೆಂಬೆಯಂತೆ, ಹೊತ್ತು ಗೊತ್ತುಮಾಡಿ ಕೊಟ್ಟರು. ಬೋರ್ಡಪ್ಪನವರ ಬಾಗಿಲನ್ನೂ ತಟ್ಟಿ, "ನಿಮ್ಮದು ಬುಧವಾರ ಏಳೂವರೆ. ಬಿಟ್ಟರೆ ಸಿಗಲ್ಲ" ಎಂದರು. ಬೋರ್ಡಪ್ಪನವರು ಬುಧವಾರ ಏಳೂವರೆಗೆ ಹೋಗಿ ಏನನ್ನೂ ಮುರಿಯದೆ ಬಂದರು. ಆ ಗಿಡಕ್ಕೆ ಅವರು ಮಾಡಲಾದ ಉಪಕಾರ ಅಷ್ಟೇ.

ಎಂಟನೆಯ ವಾರ ಆರೋಗ್ಯ ನಿರೀಕ್ಷಕರು ನಿಂತ ನೀರನ್ನು ಹುಡುಕಿಕೊಂಡು ಆ ಬೀದಿಗೆ ಬಂದರು. ಎರಡನೆಯ ಮಹಡಿಯ ತುದಿಯಲ್ಲಿ ತಮ್ಮದೇ ಇಲಾಖೆಯ ಹಳದಿ, ತಮ್ಮದೇ ಇಲಾಖೆಯ ಕಪ್ಪು, ತಮ್ಮದೇ ಇಲಾಖೆಯ ಆದೇಶ ಕಂಡು ಅವರು ಬೆವೆತರು. ಇಂಥದೊಂದು ಯೋಜನೆ ಜಾರಿಯಾಗಿರುವುದು ಅವರಿಗೆ ಗೊತ್ತಿರಲಿಲ್ಲ. ಹಿಂದಿನ ತಿಂಗಳು ಎಂಟು ದಿನ ರಜೆಯಲ್ಲಿದ್ದರು, ಆಗಲೇ ಆಗಿರಬೇಕು. ಗೊತ್ತಿಲ್ಲವೆಂದು ತೋರಿಸಿಕೊಳ್ಳದೆ, ಪುಸ್ತಕ ತೆಗೆದು, 'ಸಸ್ಯವು ತೃಪ್ತಿಕರವಾಗಿ ಕಾರ್ಯನಿರ್ವಹಿಸುತ್ತಿದೆ' ಎಂದು ಬರೆದುಕೊಂಡರು. ಮಾದರಿಗೆಂದು ಉಳಿದಿದ್ದರಲ್ಲಿ ದೊಡ್ಡ ಕೊಂಬೆಯನ್ನು ಕತ್ತರಿಸಿ ಕಡತದೊಳಗೆ ಮಡಚಿಟ್ಟುಕೊಂಡರು. ಬರೆದುಕೊಂಡದ್ದು ಮೇಲಕ್ಕೆ ಹೋಯಿತು. ಮೇಲಿನವರೂ ಗೊತ್ತಿಲ್ಲವೆಂದು ತೋರಿಸಿಕೊಳ್ಳಲಿಲ್ಲ.

ನಾಲ್ಕೇ ದಿನದಲ್ಲಿ ಬಣ್ಣದ ಶೆಡ್ಡಿಗೆ ಒಂದು ಕಾಗದ ಬಂತು: ಈಗಾಗಲೇ ಜಾರಿಯಲ್ಲಿರುವ ಮಾದರಿಯಂತೆ ಸೊಳ್ಳೆ ನಿವಾರಕ ಸಸ್ಯದ ಫಲಕಗಳು, ನಲವತ್ತು.

ಬೋರ್ಡಪ್ಪನವರು ಕಾಗದ ಹಿಡಿದುಕೊಂಡು ನಿರೀಕ್ಷಕರ ಕೋಣೆಗೆ ಹೋದರು. ಬಾಳಿನಲ್ಲಿ ಮೊದಲ ಬಾರಿಗೆ ಬಾಯಿಬಿಟ್ಟು ಒಪ್ಪಿಕೊಂಡುಬಿಡುವುದೆಂದು ನಿರ್ಧರಿಸಿದ್ದರು. ನಲವತ್ತು ಫಲಕವೆಂದರೆ ನಲವತ್ತು ಗಿಡ. ಗಿಡಕ್ಕಾಗಿ ನಾಳೆ ಬುಡಕ್ಕೇ ಕೈಹಾಕುತ್ತಾರೆ.

"ಸಾರ್, ಆ ಫಲಕ ನಾನೇ ಬರೆದದ್ದು."

"ನೀವಲ್ದೆ ನಾನು ಬರೀತೀನಾ?" ಎಂದರು ನಿರೀಕ್ಷಕರು. "ಚೆನ್ನಾಗಿದೆ."

"ಹಾಗಲ್ಲ ಸಾರ್. ಆ ಗಿಡ ನಮ್ಮಕ್ಕನದು."

"ಓ, ನಿಮ್ಮಕ್ಕನವರಿಗೂ ಕೊಟ್ಟಿದಾರಾ? ಒಳ್ಳೇದಾಯ್ತು ಬಿಡಿ. ವಯಸ್ಸಾದವರಿಗೇ ಮೊದಲು ಕೊಡಬೇಕು."

"ಯಾರೂ ಕೊಟ್ಟಿಲ್ಲ ಸಾರ್. ಆದೇಶಾನೇ ಇಲ್ಲ. ಕೈತಪ್ಪಿ ಬರೆದುಬಿಟ್ಟೆ."

ನಿರೀಕ್ಷಕರು ಎದ್ದು ಬಾಗಿಲು ಹಾಕಿದರು. ದನಿ ತಗ್ಗಿಸಿದರು. "ಬೋರ್ಡಪ್ಪನೋರೆ, ಮೂವತ್ತು ವರ್ಷದಿಂದ ಬರೀತಿದೀರಿ. ಯಾವ ಆದೇಶ ಯಾರು ಕೊಟ್ರು ಅಂತ ಯಾವತ್ತಾದ್ರೂ ಕೇಳಿದೀರಾ?"

"ಇಲ್ಲ ಸಾರ್."

"ಹುಲ್ಲಿನ ಮೇಲೆ ನಡೆಯಬಾರದು ಅಂತ ಯಾರು ಹೇಳಿದ್ದು?"

"ಗೊತ್ತಿಲ್ಲ ಸಾರ್."

"ನಂಗೂ ಗೊತ್ತಿಲ್ಲ. ಆದ್ರೂ ಜನ ನಡೀತಿಲ್ಲ ತಾನೆ? ಈಗ ಇದೊಂದನ್ನ ಮಾತ್ರ ಯಾಕೆ ಕೆದಕ್ತೀರ? ನಾನು ತೃಪ್ತಿಕರ ಅಂತ ಬರೆದಾಗಿದೆ. ಮೇಲಿನೋರು ಬಹಳ ತೃಪ್ತಿಕರ ಅಂತ ಬರೆದಿದಾರೆ. ನಿಮ್ಮ ಅಕ್ಕನ ಹೆಸರು ಹೇಳ್ಕೊಂಡು ಮೂರು ಜನದ ಅನ್ನ ತೆಗೀಬೇಡಿ. ಹೋಗಿ, ಬರೀರಿ."

ಬೋರ್ಡಪ್ಪನವರು ಹೋಗಿ ಬರೆದರು. ನಲವತ್ತು ಸಲ ಬರೆಯುವಷ್ಟರಲ್ಲಿ ಆ ವಾಕ್ಯ ನಿಜವಿರಬಹುದೇ ಎಂಬ ಅನುಮಾನ ಅವರಿಗೇ ಬಂತು. ಮನೆಗೆ ಹೋಗಿ ಗಿಡದ ಪಕ್ಕ ಕೂತು ನೋಡಿದರು. ಮೊದಲ ಸೊಳ್ಳೆ ಅವರ ಕಿವಿಗೆ ಕಚ್ಚಿತು. ಎರಡನೆಯದು ಫಲಕದ ಮೇಲೆಯೇ, 'ದೂರವಿಡುತ್ತದೆ' ಎಂಬ ಪದದ ಮೇಲೆಯೇ, ವಿಶ್ರಮಿಸಿಕೊಂಡಿತು. ಗಿಡ ಸಿಗದ ಕಾರಣ ನಗರಸಭೆಯವರು ನಲವತ್ತು ಕಡೆ ಫಲಕಗಳನ್ನಷ್ಟೇ ನೆಟ್ಟರು. ಬಸ್ಸು ಕಾಯುವ ಜನ ಒಬ್ಬರಿಗೊಬ್ಬರು ಒತ್ತಿಕೊಂಡು ಅವುಗಳ ನೆರಳಿನಲ್ಲಿ ನಿಲ್ಲುತ್ತಿದ್ದರು.

ಅಕ್ಕ ಹೇಳಿದ್ದಕ್ಕಿಂತ ಒಂದು ವಾರ ಮೊದಲೇ ಬಂದಳು.

ಸಂಜೆ ನಾಲ್ಕರ ಸುಮಾರಿಗೆ ಮೆಟ್ಟಿಲ ಬುಡದಲ್ಲಿ ಅವಳ ದನಿ ಕೇಳಿ ಬೋರ್ಡಪ್ಪನವರು ವರಾಂಡಕ್ಕೆ ಓಡಿದರು. ಕುಂಡದಲ್ಲಿ ಆಗ ಉಳಿದಿದ್ದದ್ದು ಒಂದು ಮೊಳದ ಕೋಲು, ಅದಕ್ಕೆ ಕಟ್ಟಿದ ಎರಡು ಫಲಕ. ಎಲ್ಲಿಗಾದರೂ ಒಯ್ಯೋಣವೆಂದರೆ 'ಸ್ಥಳಾಂತರಿಸಬಾರದು' ಎಂದು ಅವರೇ ಬರೆದಿದ್ದರು; ಕ್ಷಣಕಾಲ ಅದಕ್ಕೆ ಅವರೂ ಅಂಜಿದರು. ಅಂಜಿಕೆ ಬಿಟ್ಟು ಎತ್ತುವಷ್ಟರಲ್ಲಿ ಕೆಳಗಿನಿಂದ ಕಟ್ಟಡವೇ ಅಕ್ಕನ ಹಿಂದೆ ಏರಿ ಬರುತ್ತಿತ್ತು.

"ಇವರೇನಾ ಅಕ್ಕ? ಬನ್ನಿ ಬನ್ನಿ" ಎನ್ನುತ್ತಿದ್ದಳು ಟೈಲರಮ್ಮ. "ನಿಮ್ಮ ತಮ್ಮ ಪುಣ್ಯ ಕಟ್ಕೊಂಡ್ರು. ಸೊಳ್ಳೆ ಓಡ್ಸೋ ಗಿಡ ತಂದಿಟ್ಟು ಹನ್ನೆರಡು ಮನೇನೂ ಕಾಪಾಡಿದ್ರು. ನೋಡಿ, ಅದೇ."

ಅಕ್ಕ ನೋಡಿದಳು. ಕುಂಡದ ಗುರುತು ಸಿಕ್ಕಿತು. ಫಲಕವನ್ನು ಪೂರ್ತಿ ಓದಿದಳು. ಬೋರ್ಡಪ್ಪನವರು ಕುಂಡವನ್ನು ಎದೆಗವಚಿಕೊಂಡು ನಿಂತಿದ್ದರು. ಅವಳು ತಂದ ದಿನ ಹಿಡಿದಿದ್ದ ಹಾಗೆಯೇ.

"ಸೊಳ್ಳೆ ಓಡ್ಸತ್ತಾ?" ಎಂದಳು ಅಕ್ಕ. "ಇದರ ಪಕ್ಕದಲ್ಲೇ ಕೂತ್ಕೊಂಡು ಇವನ ಭಾವ ಇಪ್ಪತ್ತು ವರ್ಷ ಸೊಳ್ಳೆ ಹೊಡೆದಿದಾರೆ. ಲೆಕ್ಕ ಹೇಳ್ತಿದ್ರು, ಇವತ್ತು ಹದಿನೇಳು, ಇವತ್ತು ಇಪ್ಪತ್ತೆರಡು ಅಂತ."

ಟೈಲರಮ್ಮ ಗಿಡದತ್ತ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು.

"ಇದು ನಿಮ್ಮದಾ ತಾಯಿ?" ಎಂದು ಕಾರ್ಯದರ್ಶಿಗಳು ಮೆಲ್ಲಗೆ ಕೇಳಿದರು.

"ನಂದು. ನಮ್ಮ ಯಜಮಾನ್ರು ತಂದಿದ್ದು. ಅವರು ಹೋದ್ಮೇಲೆ ಇದೊಂದಿತ್ತು. ಇವನ ಕೈಲಿ ಬಿಟ್ಟು ಹೋಗಿದ್ದೆ."

ಕಾರ್ಯದರ್ಶಿಗಳು ಬೋರ್ಡಪ್ಪನವರನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸಹಿಸಬಹುದಿತ್ತು. "ಅಲ್ರೀ" ಎಂದರು. "ಇಷ್ಟು ಹೇಳೋಕೆ ಏನಾಗಿತ್ತು ನಿಮಗೆ? ನಮ್ಮಮ್ಮನ ಹೊಲಿಗೆ ಮಿಷನ್ನು ಇವತ್ತಿಗೂ ನಮ್ಮನೇಲಿದೆ. ಸೂಜಿ ಇಲ್ಲ, ಚಕ್ರ ತಿರುಗಲ್ಲ, ಅರ್ಧ ಕೋಣೆ ತಿನ್ನತ್ತೆ. ನನ್ನ ಹೆಂಡತಿ ದಿನಾ ಬೈತಾಳೆ. ಅದನ್ನ ಆಚೆ ಹಾಕಿದೀನಾ ನಾನು? ನಮ್ಮಕ್ಕನದು ಸಾರ್ ಅಂದಿದ್ರೆ ನಾನೇ ಕಾವಲು ಕೂರ್ತಿದ್ದೆ."

"ನಾವು ಮುಟ್ತಾನೇ ಇರಲಿಲ್ಲ" ಎಂದಳು ಟೈಲರಮ್ಮ. ಅವಳ ಕಣ್ಣು ಒದ್ದೆಯಾಗಿತ್ತು.

ಜನ ಆದೇಶಕ್ಕೆ ಮಾತ್ರ ಬಗ್ಗುತ್ತಾರೆಂದು ಮೂವತ್ತೊಂದು ವರ್ಷ ತಗಡಿನ ಮೇಲೆ ನಂಬಿದ್ದ ಮನುಷ್ಯನಿಗೆ, ಕೇಳಿಕೊಂಡರೂ ಬಗ್ಗುತ್ತಾರೆಂಬುದು ಆ ಸಂಜೆ ತಿಳಿಯಿತು. ತಿಳಿದದ್ದರಿಂದ ಆ ಕೋಲಿಗೆ ಒಂದು ಎಲೆಯೂ ಬರಲಿಲ್ಲ.

ಜನ ಒಬ್ಬೊಬ್ಬರಾಗಿ ಮನೆಗೆ ಹೋಗಿ ತಂತಮ್ಮ ಪಾಲನ್ನು ತಂದರು. ಔಷಧದ ಸೀಸೆಯಲ್ಲಿಟ್ಟದ್ದು, ಮುರಿದ ಕಪ್ಪಿನಲ್ಲಿ ನೆಟ್ಟದ್ದು, ದಿಂಬಿನ ಕೆಳಗಿಟ್ಟು ಚಪ್ಪಟೆಯಾದದ್ದು. ಹನ್ನೊಂದು ಮನೆಯಿಂದ ಹನ್ನೊಂದು ಒಣಕಡ್ಡಿ. ಕಾಂಪೌಂಡರು ತಂದದ್ದಕ್ಕೆ ತಾರೀಖಿನ ಚೀಟಿಯೂ ಇತ್ತು. ಅಕ್ಕ ಪ್ರತಿಯೊಂದನ್ನೂ ಎರಡು ಕೈಯಿಂದ ತೆಗೆದುಕೊಂಡು, "ಆಯ್ತಮ್ಮ", "ಇರಲಿ ಬಿಡಪ್ಪ" ಎಂದು ಸೆರಗಿನಲ್ಲಿ ಹಾಕಿಕೊಂಡಳು. ಎಲ್ಲರೂ ಹೋದ ಮೇಲೆ ತಮ್ಮನಿಗೆ ಹೇಳಿದಳು:

"ಇದು ಕಡ್ಡಿಯಿಂದ ಬರಲ್ಲ ಕಣೋ. ನಾನೂ ಎಷ್ಟೋ ಸಲ ನೆಟ್ಟಿದೀನಿ."

"ಮತ್ತೆ ಯಾಕೆ ಇಸ್ಕೊಂಡೆ?"

"ಪಾಪ, ತಂದಿದ್ರಲ್ಲ."

ಹೆಂಡತಿ ಚಹಾ ತಂದಿಟ್ಟು, "ಅತ್ತಿಗೆ, ನಾನಾದ್ರೂ ಹೇಳಬೇಕಿತ್ತು" ಎಂದು ಒಳಗೆ ಹೋದಳು. ಬೆಳಕು ಇಳಿಯತೊಡಗಿತ್ತು. ಅಕ್ಕ ವರಾಂಡದ ನೆಲದ ಮೇಲೆ ಕೂತು ಕುಂಡವನ್ನು ಕಾಲುಗಳ ನಡುವೆ ಎಳೆದುಕೊಂಡಳು. ಫಲಕಗಳ ತಂತಿ ಬಿಚ್ಚಿ ಪಕ್ಕಕ್ಕಿಟ್ಟಳು. ಕೋಲಿನ ತುದಿಯಲ್ಲಿ ಹೆಬ್ಬೆರಳ ಉಗುರಿನಿಂದ ತೊಗಟೆಯನ್ನು ಒಂದಿಷ್ಟು ಕೆರೆದು ನೋಡಿದಳು. ಕಂದು. ಎರಡು ಬೆರಳು ಕೆಳಗೆ ಕೆರೆದಳು. ಕಂದು. ಇನ್ನೂ ಕೆಳಗೆ.

"ಹಸಿರಿದ್ರೆ ಜೀವ ಇದೆ ಅಂತ" ಎಂದಳು.

ಬೋರ್ಡಪ್ಪನವರು ಎದುರಿಗೆ ಕೂತರು. "ಅಕ್ಕಾ, ನಂಗೆ ನಾಚಿಕೆ ಆಯ್ತು."

"ಯಾತಕ್ಕೋ?"

"ನಿನ್ನ ಹೆಸರು ಹೇಳೋಕೆ."

ಅಕ್ಕ ತಲೆಯೆತ್ತಲಿಲ್ಲ. "ಅವರಿಗೂ ಹಾಗೇ" ಎಂದಳು ಕೆರೆಯುತ್ತಲೇ. "ಇದನ್ನ ತಂದ ದಿನ ನನ್ನ ಕೈಗೆ ಕೊಡಲಿಲ್ಲ. ಸ್ನಾನದ ಮನೆ ಹತ್ರ ಇಟ್ಟು, ಅಲ್ಲೇನೋ ಇದೆ ನೋಡು ಅಂದ್ರು."

ಉಗುರು ಮಣ್ಣಿನ ಹತ್ತಿರಕ್ಕೆ ಬಂದಿತ್ತು. ಅಲ್ಲಿ ಅವಳು ನಿಧಾನವಾಗಿ, ಎರಡು ಸಲ ಕೆರೆದು, ಕಣ್ಣು ಕಿರಿದು ಮಾಡಿ ಬಗ್ಗಿ ನೋಡಿದಳು. "ನಂಗೆ ಕಾಣ್ತಿಲ್ಲ. ನೋಡೋ, ಇದು ಹಸಿರಾ?"

ಬೋರ್ಡಪ್ಪನವರು ಬಗ್ಗಿದರು. ಮೂವತ್ತೊಂದು ವರ್ಷ ಬಣ್ಣದಲ್ಲೇ ಬದುಕಿದ ಕಣ್ಣು. ಹೌದು ಎನ್ನಲು ಅವರ ಇಡೀ ಜೀವ ತುದಿಗಾಲಲ್ಲಿ ನಿಂತಿತ್ತು.

"ಗೊತ್ತಾಗ್ತಿಲ್ಲ ಅಕ್ಕ" ಎಂದರು.

"ಸರಿ. ಬೆಳಗ್ಗೆ ಬೆಳಕಲ್ಲಿ ನೋಡೋಣ" ಎಂದಳು ಅಕ್ಕ, ಆದರೆ ಏಳಲಿಲ್ಲ, ಉಗುರನ್ನು ಅಲ್ಲಿಂದ ತೆಗೆಯಲೂ ಇಲ್ಲ.

ಹೊತ್ತಿಗೆ ಸರಿಯಾಗಿ ಸೊಳ್ಳೆಗಳು ಬಂದವು. ಒಂದು ಅಕ್ಕನ ಪಾದದ ಮೇಲೆ ಕೂತಿತು, ಇನ್ನೊಂದು ಮೊಣಕೈಯ ಮೇಲೆ. ಎರಡೂ ಕೈ ಗಿಡದ ಮೇಲಿದ್ದುದರಿಂದ ಅವಳಿಗೆ ಓಡಿಸಲಾಗುತ್ತಿರಲಿಲ್ಲ. ಬೋರ್ಡಪ್ಪನವರು ಇನ್ನಷ್ಟು ಹತ್ತಿರ ಸರಿದು ಕೂತು, ಅವಳಿಗೆ ತಾಗದಂತೆ, ಅವಳ ಸುತ್ತ ಕೈ ಬೀಸತೊಡಗಿದರು. ಪೂರ್ತಿ ಕತ್ತಲಾಗುವವರೆಗೂ ಬೀಸುತ್ತಲೇ ಇದ್ದರು.